ಕಡಿಯದೆ ಬಿಟ್ಟ ಮರ

ಮಾರ್ಚ್ ೧೧, ಬೆಳಿಗ್ಗೆ

ಮತ್ತೆ ಇಲಿ. ಮೊಳಕೆಗಿಟ್ಟ ಬೀಜವನ್ನೆಲ್ಲ ತಿಂದು ಹೋಗಿದೆ. ಪೈನ್ ಬೀಜ ಉದುರಿದ ಕೂಡಲೇ ಮರಳಿಗೆ ಹಾಕದಿದ್ದರೆ ಸತ್ತ ಹಾಗೆ, ಇವತ್ತೇ ಹೋಗಿ ಆರಿಸಬೇಕು. ಹೋದ ವರ್ಷದ ಬೆಂಕಿಯಲ್ಲಿ ಕಡಲ ತುದಿಯ ತೋಪು ಅರ್ಧ ಉಳಿದದ್ದೇ ಹೆಚ್ಚು. ಅದರಲ್ಲೂ ಧಾರಾಳವಾಗಿ ಬೀಜ ಕೊಡುವುದು ಬಂಡೆಯ ಪಕ್ಕದ ಆ ನೆಟ್ಟಗಿನ ಮರ ಒಂದೇ. ತೋಪಿಗೆ ಸಸಿ ನೆಡುವ ನಮ್ಮ ಹೆಂಗಸರ ಗುಂಪಿನ ಹುಡುಗಿಯರು ಸಸಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಬಗ್ಗುವುದು ಮುದುಕಿಯರ ಸೊಂಟ.

ಮಾರ್ಚ್ ೧೯

ಆ ನೆಟ್ಟಗಿನ ಮರದ ಬುಡಕ್ಕೆ ಕೊಡಲಿ ಗುರುತು. ಅಂಗೈಯಗಲ. ಅಂಟು ಇನ್ನೂ ಹಸಿ. ಯಾರ ಕೊಡಲಿ ಅಂತ ಕೇಳಬೇಕಾಗಿಲ್ಲ. ಈ ದ್ವೀಪದಲ್ಲಿ ದೋಣಿ ಕೆತ್ತುವವನು ಈಗ ಒಬ್ಬನೇ — ನನ್ನ ತಮ್ಮ ನೊರ್ಬೆರ್.

ಅವನ ಹೆಂಡತಿ ಮತಿಲ್ದಳ ಹತ್ತಿರ ಹೇಳಿ ಕಳಿಸಿದೆ. ನನಗೂ ಅವನಿಗೂ ನೇರ ಮಾತಿಲ್ಲವಲ್ಲ. ನಾನು ದೊಡ್ಡವಳಾದಾಗಿನಿಂದ ಇಲ್ಲ. ಒಡಹುಟ್ಟಿದ ಗಂಡು ಹೆಣ್ಣು ಇಲ್ಲಿ ಯಾರೂ ಮಾತಾಡುವುದಿಲ್ಲ, ಹೆಸರೆತ್ತುವುದಿಲ್ಲ. ಅದೇ ಮರ್ಯಾದೆ. ಬರೆಯುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಮತಿಲ್ದ ವಾಪಸು ಬಂದಳು. "ಅತ್ತಿಗೆ, ಕಣ್ಣು ಮಂಜಾಗ್ತಾ ಇದೆ, ಇದೊಂದು ದೋಣಿ ಕೆತ್ತಿ, ಆಮೇಲೆ ಕೊಡಲಿ ಕೆಳಗಿಡ್ತೀನಿ ಅಂತಾರೆ."

"ಸೊಟ್ಟಗಿರೋ ಮರ ಬೇಕಾದಷ್ಟಿದೆ ಅಂತ ಹೇಳಬೇಕಿತ್ತು."

"ಹೇಳ್ದೆ. ಸೊಟ್ಟ ಮರದ ದೋಣಿ ಸೊಟ್ಟಗೇ ಹೋಗುತ್ತಂತೆ. ಅದರಲ್ಲಿ ನಿಮ್ಮನ್ನ ಕೂರಿಸಿ ಕಳಿಸ್ತಾರಂತೆ."

ನಗು ಬಂತು. ತೋರಿಸಿಕೊಳ್ಳಲಿಲ್ಲ.

ಏಪ್ರಿಲ್ ೨, ಸಂಜೆ

ಊರ ಸಭೆ. ಈಗ ನೆಡುವ ಸಸಿಗಳು ಆಳೆತ್ತರ ಬರುವವರೆಗೆ ತೋಪಿನ ಒಂದು ಮರವನ್ನೂ ಮುಟ್ಟಬಾರದು ಅಂತ ನಮ್ಮ ಗುಂಪು ಕೇಳಿತು. ಗಂಡಸರು ಗದ್ದ ಕೆರೆದುಕೊಂಡರು. ದೋಣಿಗೆ ಅಂತ ಒಂದು ಬಿಡಿ ಅಂದರು. ನೊರ್ಬೆರ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಮತಿಲ್ದ ಒಲೆ ಕಡೆ ಹೋಗಿದ್ದಳು. ಅವಳು ಬರುವವರೆಗೆ ಕಾಯಬೇಕಿತ್ತು...

ನಾಲಿಗೆ ಕಾಯಲಿಲ್ಲ.

"ನೊರ್ಬೆರ್, ನಿನಗೆ ದೋಣಿ ಬೇಕೋ, ಮೊಮ್ಮಕ್ಕಳಿಗೆ ತೋಪು ಬೇಕೋ? ಬಾಯಿ ಬಿಟ್ಟು ಹೇಳು."

ಎಲ್ಲರೆದುರು. ಮುಖ ನೋಡಿ.

ಅವನು ಎದ್ದು ಹೊರಗೆ ಹೋದ. ಊರ ಯಜಮಾನರು ನೆಲ ನೋಡುತ್ತಲೇ "ಮುಟ್ಟಬಾರದು, ಆಯ್ತು" ಅಂದರು. ಗೆದ್ದೆವು. ಮನೆಗೆ ಬರುವಾಗ ನನ್ನ ಜೊತೆ ಯಾರೂ ನಡೆಯಲಿಲ್ಲ.

ಜೂನ್ ೨೫

ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ಸಸಿ ನೆಡಲು ತುದಿಗೆ ಹೋದೆವು. ಬೇಲಿ ಗಟ್ಟಿಯಿದೆ, ಹಂದಿ ನುಗ್ಗಿಲ್ಲ. ಆ ಮರದ ಗಾಯ ಇಣುಕಿ ನೋಡಿದೆ. ಯಾರೋ ಜೇಡಿಗೆ ಹವಳದ ಸುಣ್ಣ ಕಲಸಿ ಮೆತ್ತಿದ್ದಾರೆ, ಹುಳ ನುಗ್ಗದ ಹಾಗೆ ಅಂಚೆಲ್ಲ ಸವರಿ. ಒಣಗಿ ಬಿರುಕು ಬಿಟ್ಟಿದೆ.

"ಇದು ಯಾವಾಗ?"

"ಸಭೆ ಆದ ಮಾರನೇ ಬೆಳಿಗ್ಗೆ," ಅಂದಳು ಮತಿಲ್ದ. "ಕಲಸಿ ಮೆತ್ತಿದ್ದು ಅವರು, ನೀರು ಹೊತ್ತಿದ್ದು ನಾನೇ."

"ಮತ್ತೆ ನನ್ನ ಮನೆ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಓಡಾಡ್ತಾನಲ್ಲ, ಯಾತಕ್ಕೆ?"

"ಮರ ಅವತ್ತೇ ಬಿಟ್ರು ಅತ್ತಿಗೆ. ನೀವು ಹೆಸರು ಹಿಡಿದು ಕೂಗಿದ್ರಲ್ಲ... ಅದು."

ಇನ್ನೊಂದು ಗುಂಡಿ ತೋಡಿದೆ. ನೆಡಲು ಸಸಿ ಉಳಿದಿರಲಿಲ್ಲ.

ಜುಲೈ ೮

ನಮ್ಮ ಪದ್ಧತಿಯ ಹಾಗೆ ತಪ್ಪು ಒಪ್ಪಿಕೊಳ್ಳುವ ಬಟ್ಟೆ ಕಳಿಸಿದೆ. ಹೂವಿನದು, ಹೊಸದು. ಮೇಲೆ ಎರಡು ಹೆಗ್ಗೆಣಸು. ಹೇಳಬೇಕಾದ ಮಾತನ್ನು ಮತಿಲ್ದಳಿಗೆ ಬಾಯಿಪಾಠ ಮಾಡಿಸಿದೆ. ಅವನು ಬಟ್ಟೆಯನ್ನು ಕೈಯಲ್ಲಿ ಮುಟ್ಟಿದರೆ ಸಾಕು, ಎಲ್ಲ ಮುಗಿದ ಹಾಗೆ.

"ಮುಟ್ಟಿದನಾ?"

"ನೋಡ್ತಾ ಕೂತಿದ್ರು."

"ಆಮೇಲೆ?"

"ಚಾಪೆ ಮೇಲೇ ಇದೆ ಅತ್ತಿಗೆ."

ಜುಲೈ ೩೦

ಇನ್ನೂ ಚಾಪೆ ಮೇಲೇ ಇದೆಯಂತೆ. ಹೆಗ್ಗೆಣಸು ಮೊಳಕೆ ಒಡೆದಿದೆಯಂತೆ. ಮೊಂಡ. ನಮ್ಮಪ್ಪನ ಮೊಂಡುತನದಲ್ಲಿ ನನಗೆ ಒಂದು ಪಾಲೂ ಬಿಡದೆ ಎತ್ತಿಕೊಂಡು ಹೋದವನು... ಇಲ್ಲ, ನನಗೂ ಬಿಟ್ಟಿದ್ದಾನೆ.

ಗಾಳಿಗೆ ಸಸಿಗಳು ಒರಗಿದ್ದವು. ಕಟ್ಟಿ ಬಂದೆ.

ಆಗಸ್ಟ್ ೨೪

ಅವನಿಗೆ ಎದೆ ಕಟ್ಟಿದೆ. ದೊಡ್ಡ ದ್ವೀಪದ ನೂಮೆಯಾ ಪಟ್ಟಣದ ಆಸ್ಪತ್ರೆಗೆ ವಿಮಾನ ಹತ್ತಲ್ಲ ಅಂದನಂತೆ. ಹೋದೆ. ಅವನು ಮಲಗಿದ ಕೋಣೆಗೆ ನಾನು ಕಾಲಿಡುವ ಹಾಗಿಲ್ಲ. ಹೊರಗೆ ಗೋಡೆಗೊರಗಿ ಕೂತೆ. ತೊಗಟೆಯ ಗೋಡೆ, ಉಸಿರೂ ಕೇಳುತ್ತದೆ. ಬಾಗಿಲಲ್ಲಿ ಮತಿಲ್ದ.

"ಮೀನಿನ ಸಾರು ಕುಡಿದನಾ ಕೇಳು."

ಒಳಗಿನಿಂದ ಅವನು: "ನನಗೂ ಕಿವಿ ಇದೆ ಅಂತ ಹೇಳು."

"ಕಿವಿ ಇದ್ದೋನು ಡಾಕ್ಟರ ಮಾತು ಕೇಳ್ತಿದ್ದ ಅಂತ ಹೇಳು."

"ಆ ಹೆಂಗಸಿಗೆ ಮನೆ ಇಲ್ವಾ ಕೇಳು."

"ಮೊದಲು ಸಾಯೋದು ನಾನೇ," ಅಂದಳು ಮತಿಲ್ದ. "ನಿಮ್ಮಿಬ್ಬರ ನಡುವೆ ಸಿಕ್ಕಿ."

ಒಳಗೆ ನಕ್ಕ ಹಾಗಾಯಿತು. ಕೆಮ್ಮೂ ಇರಬಹುದು.

ಹೊರಡುವಾಗ ಬಟ್ಟೆಯ ಬಗ್ಗೆ ಕಣ್ಣಲ್ಲೇ ಕೇಳಿದೆ. ಮತಿಲ್ದ ಇಲ್ಲವೆಂದು ತಲೆಯಾಡಿಸಿದಳು.

ಆಗಸ್ಟ್ ೨೭, ಮಧ್ಯಾಹ್ನ

ಗೋಡೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಮತಿಲ್ದ ಪಾದ್ರಿಯನ್ನು ಕರೆತರಲು ಓಡಿದ್ದಾಳೆ. ನಡುವೆ ಯಾರೂ ಇಲ್ಲ.

ನಾನಿಲ್ಲಿರುವುದು ಅವನಿಗೆ ಗೊತ್ತು. ಆಗಲೇ ಒಳಗಿನಿಂದ ತೊಗಟೆಯನ್ನು ಬೆರಳಲ್ಲಿ ಕೆರೆದ. ನಾನೂ ಕೆರೆದೆ. ಅವನು ಮತ್ತೆ ಕೆರೆದ. ಕೆರೆಯುವುದು ಮಾತಲ್ಲ ತಾನೇ. ಸಣ್ಣವರಿದ್ದಾಗ ಒಂದೇ ಚಾಪೆ ನಮಗೆ. ಕಾಲು ನನ್ನ ಹೊಟ್ಟೆ ಮೇಲೆ ಹಾಕಿ ಮಲಗುತ್ತಿದ್ದ.

ಉಸಿರು ಎಳೆದೆಳೆದು ಬಿಡುತ್ತಿದ್ದಾನೆ. ಊರಿಗೆಲ್ಲ ಬಯ್ಯುವ ಬಾಯಿ ನನ್ನದು, ಈಗ ತೆರೆಯುವ ಹಾಗಿಲ್ಲ. ಬರೆದರೆ ಆಡಿದ ಹಾಗಲ್ಲ. ಬರೆಯುತ್ತೇನೆ.

ತಮ್ಮಾ, ಸಸಿಗಳು ನಿಂತಿವೆ. ಮರದ ವಿಷಯದಲ್ಲಿ ನಾನು ಹೇಳಿದ್ದು ಸರಿ, ಈಗ ಕೇಳಿದರೂ ಸರಿಯೇ ಅನ್ನುತ್ತೇನೆ. ಆದರೆ ಮತಿಲ್ದ ದೂರ ಹೋಗಿರಲಿಲ್ಲ. ಒಲೆ ಹತ್ತಿರವೇ ಇದ್ದಳು. ಕೂಗಿದ್ದರೆ ಬರುತ್ತಿದ್ದಳು, ನಾನು ಕೂಗಲಿಲ್ಲ, ನಿನ್ನ...

ಉಸಿರು ಕೇಳಿಸುತ್ತಿಲ್ಲ.

ಕೆರೆದೆ. ಮತ್ತೆ ಕೆರೆದೆ.

ಕರೆದೆ. ನೊರ್ಬೆರ್ ಅಂತ ಹೆಸರು ಹಿಡಿದೇ ಕರೆದೆ, ಊರಿಗೆಲ್ಲ ಕೇಳುವ ಹಾಗೆ. ಒಳಗಿನಿಂದ ತೊಗಟೆ ಕೆರೆದ ಸದ್ದೂ ಬರಲಿಲ್ಲ.