ರಾವೂರ ತಿರುವಿನ ಬ್ರೇಕು

ವಾಡಿ
೧೯ ಜನವರಿ ೨೦೨೫

ಮಗಳು ಲುಂಬಿನಿಗೆ ನಿನ್ನ ಅವ್ವನ ಜೈಭೀಮ.

ನಾನು ಕ್ಷೇಮ. ಮೊಣಕಾಲು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನ ಮಾತು ಕೇಳುತ್ತಿದೆ. ಅಪ್ಪನ ಕಾರನ್ನು ಪ್ರಬುದ್ಧನಿಗೆ ಕೊಡು ಎಂದು ನೀನು ಕೇಳಿ ಬಹಳ ದಿನವಾಯಿತು. ಉತ್ತರ ತಡವಾದದ್ದು ನನ್ನ ಸೋಮಾರಿತನದಿಂದಲ್ಲ, ಆ ಕಾರಿನಿಂದಲೇ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಕಾಗದ.

ಮೊಮ್ಮಗನಿಗೆ ಲೈಸೆನ್ಸ್ ಬಂದದ್ದು ಸಂತೋಷ. ಆದರೆ ಅದು ಮೀಟರು ಪೂರ್ತಿ ಸುತ್ತಿ ಮತ್ತೆ ಸೊನ್ನೆಯಿಂದ ಎಣಿಸಿದ ಅಂಬಾಸಿಡರ್. ಮಳೆಗಾಲದಲ್ಲಿ ನಿಮ್ಮ ಅಪ್ಪ ತೀರಿಕೊಂಡ ಮೇಲೆ ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು. ಅದನ್ನು ಹಾಗೆಯೇ ಹುಡುಗನ ಕೈಗೆ ಕೊಡುವವಳಲ್ಲ ನಾನು. ಶಹಾಬಾದದಿಂದ ಮೆಕ್ಯಾನಿಕ್ ಹಾಜಿಮಲಂಗನನ್ನು ಕರೆಸಿದೆ. ಅಪ್ಪ ಬಾಡಿಗೆ ಓಡಿಸುತ್ತಿದ್ದ ಕಾಲದಿಂದ ಅದರ ರಿಪೇರಿ ಅವನದೇ.

ಮೊದಲ ತಕರಾರು ಎಂಜಿನ್ ಆಯಿಲಿನದು. ಪ್ರಬುದ್ಧ ಅಲ್ಲಿಂದಲೇ ಫೋನಿನಲ್ಲಿ ಏನೋ ನೋಡಿ, ಹೊಸ ಕಾರುಗಳಿಗೆ ಹಾಕುವ ತೆಳು ಆಯಿಲೇ ಆಗಬೇಕೆಂದು ಹಟ ಹಿಡಿದ. ಹಾಕಿಸಿದೆ. ಎಂಜಿನ್ ಹಲ್ಲು ಕಡಿದಂತೆ ಸದ್ದು ಮಾಡಿತು, ಆಯಿಲಿನ ಕೆಂಪು ದೀಪ ಆರಲಿಲ್ಲ, ಬೆಳಿಗ್ಗೆ ಶೆಡ್ಡಿನ ನೆಲವೆಲ್ಲ ಕಪ್ಪು. ಅದನ್ನು ಚೆಲ್ಲಿಸಿ, ನಿಮ್ಮ ಅಪ್ಪ ಹಾಕುತ್ತಿದ್ದ ದಪ್ಪ ಆಯಿಲನ್ನೇ ಹಾಕಿಸಿದೆ. ಸದ್ದು ತಣ್ಣಗಾಯಿತು. ಅವರು ಬಾಡಿಗೆಯಿಂದ ಬಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದಾಗಿನ ಅದೇ ಸದ್ದು. ಪಕ್ಕದ ಮನೆಯ ನೂರಜಹಾನ್, ನಿಮ್ಮ ಅಪ್ಪನಿಗೆಂದು ಚಹಾ ಹಿಡಿದುಕೊಂಡೇ ಹೊರಗೆ ಬಂದಳು. ಸೀಟಿನಲ್ಲಿ ಹಾಜಿಮಲಂಗನನ್ನು ಕಂಡು ಚಹಾ ಸಮೇತ ಒಳಗೆ ಹೋದಳು.

ಮರುದಿನ ಹಗಲಿನಲ್ಲೇ ಚಿತ್ತಾಪುರಕ್ಕೆ ಹೋಗಿಬರೋಣವೆಂದೆ. ಹಾಜಿಮಲಂಗ ಓಡಿಸಿದ, ನಾನು ಪಕ್ಕದಲ್ಲಿ ಕುಳಿತೆ. ಹೋಗುವಾಗ ಬ್ರೇಕ್ ಸರಿಯಾಗಿ ಹಿಡಿಯಿತು, ಸರಿಯಾಗಿ ಬಿಟ್ಟಿತು. ಬರುವಾಗ ರಾವೂರ ದಾಟಿ, ನೀರು ತುಂಬಿದ ಆ ಹಳೆಯ ಕಲ್ಲುಗಣಿಯ ತಿರುವಿಗೆ ಬಂದೆವು. ಕಾರು ತಾನಾಗಿ ನಿಧಾನವಾಯಿತು. ರಸ್ತೆ ಬದಿಯಲ್ಲಿ ಯಾರನ್ನೋ ಕಂಡು ನಿಲ್ಲಿಸುವವರ ಹಾಗೆ ಎಡಕ್ಕೆ ಸರಿದು ಮೆಲ್ಲಗೆ ನಿಂತಿತು.

"ಅವ್ವಾರ, ನನ್ನ ಕಾಲ ನೋಡ್ರಿ. ನಾ ಒತ್ತಿಲ್ಲ" ಎಂದ.

ನೋಡಿದೆ. ಕಾಲು ಹಿಂದಕ್ಕೆ ಎಳೆದುಕೊಂಡಿದ್ದ. ಬ್ರೇಕ್ ಪೆಡಲ್ ಮಾತ್ರ ಕೆಳಗೇ ಇತ್ತು.

ಬ್ರೇಕಿನ ರಬ್ಬರ್ ಪೈಪು ಒಳಗೆ ಉಬ್ಬಿದರೆ ಹೋದ ಆಯಿಲ್ ಹಿಂದಕ್ಕೆ ಬರುವುದಿಲ್ಲ, ಗಾಲಿ ಹಿಡಿದುಕೊಳ್ಳುತ್ತದೆ ಎಂದು ಅವನು ವಿವರಿಸಿದ. ಹಾಗಾದರೆ ಪೆಡಲ್ ಯಾಕೆ ಕೆಳಗಿತ್ತು ಎಂದು ಕೇಳಿದೆ. ಅವನು ಕೈಯಿಂದ ಪೆಡಲ್ ಎಳೆದು ಎತ್ತಿ, ಕಾರನ್ನು ಮನೆಗೆ ತಂದ. ಪೈಪುಗಳನ್ನೆಲ್ಲ ಬದಲಿಸಿ ಮತ್ತೆ ಹೊರಟೆವು. ಬರುವಾಗ ಮತ್ತೆ ಅದೇ ತಿರುವು, ಅದೇ ಜಾಗ.

ಈ ಸಲ ಅವನು ಇಳಿದು ಹೋಗಿ ಹಿಂದಿನ ಎಡಬಾಗಿಲು ತೆರೆದ. ತುಸು ಹೊತ್ತು ಹಿಡಿದು ನಿಂತು, ಮುಚ್ಚಿದ. ಪೆಡಲ್ ಮೇಲಕ್ಕೆ ಬಂತು.

"ಯಾರಿಗಿ ಬಾಗಲಾ ತಗದಿ?" ಎಂದೆ.

"ಯಜಮಾನ್ರು ಇಲ್ಲಿ ಬಂದಾಗೆಲ್ಲ ಹಿಂಗೇ ಮಾಡ್ತಿದ್ರಿ. ಹುಡುಗ ಹತ್ತಲಿ ಅಂತಿದ್ರು."

ನಿನ್ನ ತಮ್ಮ ಸುರೇಶಕುಮಾರನನ್ನು ಆ ಗಣಿಯ ನೀರಿನಿಂದ ಎತ್ತಿದ ಮೇಲೆ ಈ ಮನೆಯಲ್ಲಿ ಅವನ ಹೆಸರು ಎತ್ತಲು ನಾನು ಯಾರಿಗೂ ಬಿಟ್ಟಿಲ್ಲ. ಹಾಜಿಮಲಂಗನೂ ಎತ್ತಲಿಲ್ಲ.

ಅಲ್ಲಿಂದ ವಾಡಿಯ ತನಕ, ಬ್ರೇಕ್ ಒತ್ತಿದಾಗೆಲ್ಲ ಕಾರು ನಿಲ್ಲಲು ಇನ್ನಷ್ಟು ಜಾಗ ತೆಗೆದುಕೊಂಡಿತು, ಹಿಂದೆ ಒಬ್ಬರ ಭಾರ ಹೆಚ್ಚಾದಂತೆ. ನಾನು ತಿರುಗಿ ನೋಡಲಿಲ್ಲ. ಮನೆಗೆ ಬಂದು ನೋಡಿದೆ. ಹಿಂದಿನ ಸೀಟಿನ ಎಡಬದಿಗೆ ಬಿಳಿ ಪುಡಿ. ಕಲ್ಲಿನ ಪುಡಿ ಈ ಊರಿನಲ್ಲಿ ಉಣ್ಣುವ ತಟ್ಟೆಯ ಮೇಲೂ ಕೂರುತ್ತದೆ, ಅದಕ್ಕೆ ನಾನು ಹೆದರುವವಳಲ್ಲ. ಆದರೆ ಸೀಟು ಒದ್ದೆಯಾಗಿತ್ತು. ಒರೆಸಿ, ಒಣ ಟವೆಲ್ ಹಾಸಿ, ಬಾಗಿಲು ಹಾಕಿದೆ.

ಆದ್ದರಿಂದ ಕಾರನ್ನು ಪ್ರಬುದ್ಧನಿಗೆ ಸದ್ಯ ಕೊಡುವುದಿಲ್ಲ. ಗುಜರಿಗೂ ಹಾಕುವುದಿಲ್ಲ. ಮೊದಲು ನೀನು ಬಾ. ಚಿಂಚೋಳಿಯ ನಿನ್ನ ಮನೆಯಿಂದ ಸೇಡಂ, ಚಿತ್ತಾಪುರದ ನೇರ ದಾರಿ ಬಿಟ್ಟು ಕಲಬುರಗಿ, ಶಹಾಬಾದ ಸುತ್ತಿ ಬರುತ್ತೀ. ಯಾಕೆಂದು ನನಗೆ ತಿಳಿಯದು ಅಂದುಕೊಳ್ಳಬೇಡ. ಈ ಸಲ ಚಿತ್ತಾಪುರಕ್ಕೆ ಬಂದು ಇಳಿ. ನಾವು ಕಾರು ತಂದಿರುತ್ತೇವೆ.

ಅಳಿಯನಿಗೆ, ಮೊಮ್ಮಗನಿಗೆ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅವ್ವ,
ಹಣಮವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹಾಜಿಮಲಂಗನನ್ನು ಕೂರಿಸಿಕೊಂಡು, ಬರುವಾಗಲೇ ಯಾಕೆ, ಅಲ್ಲೇ ಯಾಕೆ ಎಂದು ಕೇಳಿದೆ. ನೆಲ ನೋಡುತ್ತ ಹೇಳಿದ. ಅವತ್ತು ರಾವೂರದ ನಿನ್ನ ಸೋದರತ್ತೆಯ ಮನೆಯಿಂದ ಬಿಸಿಲಿನಲ್ಲಿ ನಡೆದು ಬರುತ್ತ, ನೀವಿಬ್ಬರೂ ಆ ತಿರುವಿನಲ್ಲಿ ಅಪ್ಪನ ಕಾರಿಗೆ ಕೈ ಮಾಡಿದಿರಂತೆ. ಸೀಟು ತುಂಬಿತ್ತಂತೆ. ಅವರು ಹಾರ್ನ್ ಹೊಡೆದು ಮುಂದೆ ಹೋದರಂತೆ. ಆಮೇಲೆ ಬಿಸಿಲು ತಾಳದೆ ನಿನ್ನ ತಮ್ಮ ಗಣಿಯ ನೀರಿಗೆ ಇಳಿದ. "ಕಾಲ ಬ್ರೇಕಿನ ಮ್ಯಾಲೇ ಇತ್ತು, ಒತ್ತಲಿಲ್ಲ" ಎಂದು ಅಪ್ಪ ಹಾಜಿಮಲಂಗನ ಮುಂದೆ ಅತ್ತಿದ್ದರಂತೆ. ನನ್ನ ಮುಂದೆ ಎಂದೂ ಹೇಳಲಿಲ್ಲ. ನೀನೂ ಹೇಳಲಿಲ್ಲ. ತಮ್ಮನನ್ನು ಗಣಿಯ ಕಡೆ ಯಾಕೆ ಕರೆದುಕೊಂಡು ಹೋದೆ ಎಂದು ನಾನು ವರ್ಷಗಟ್ಟಲೆ ಕೇಳುತ್ತಿದ್ದೆ, ಅಪ್ಪನ ಸಲುವಾಗಿ ನೀನು ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದೆ. ಆ ತಿರುವಿನಲ್ಲಿ ಈ ಸಲ ಬ್ರೇಕ್ ನಾವೇ ಒತ್ತಿಸೋಣ. ಹಿಂದಿನ ಸೀಟಿನ ಬಲಬದಿ ನಿನಗೆ. ಎಡಬದಿಯ ಟವೆಲನ್ನು ದಿನವೂ ಬದಲಿಸುತ್ತಿದ್ದೇನೆ.