ಆ ದಂಡೆ ಮುಟ್ಟಿದವಳು

ಅವ್ವಾ,

ಇವತ್ತು ಮುಗಿಸಿಯೇ ಬಿಟ್ಟೆ! ಕೆಲಗೇರಿ ಕೆರೆಯಲ್ಲಿ ಎರಡು ಕಿಲೋಮೀಟರ್ ಈಜು, ಏರು ರಸ್ತೆಗಳಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್, ಆಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಎಂಟು ಗಂಟೆಯೊಳಗೆ ಮುಗಿಸಬೇಕು, ನಾನು ಏಳೂವರೆ ಗಂಟೆಯಲ್ಲೇ ಮುಗಿಸಿದೆ. ಬರುವ ತಿಂಗಳು ಫ್ರಾನ್ಸಿನ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಈ ಮೂರೂ ಸೇರಿದ ಸ್ಪರ್ಧೆ; ಇವತ್ತಿನದು ಅದರ ತಾಲೀಮು. ವೀಸಾ ಕೂಡ ಬಂದಿದೆ. ಧಾರವಾಡದ ಏರುಗಳನ್ನೆಲ್ಲ ಹುಡುಕಿ ಹುಡುಕಿ ತುಳಿದದ್ದು ಸಾರ್ಥಕವಾಯಿತು.

ನಿನ್ನ ತಂಗಿ ಈರವ್ವ ಚಿಗವ್ವ ಬೆಳಿಗ್ಗೆಯೇ ಅಮ್ಮಿನಬಾವಿಯಿಂದ ಬಂದು ದಂಡೆಯ ಮೇಲೆ ಕೂತಿದ್ದಳು. ನಾನು ನೀರಿನಿಂದ ಎದ್ದು ಸೈಕಲ್ಲಿನ ಕಡೆ ಓಡುವಾಗ ಕೂಗಿದಳು: “ವಾಣಿ, ನೀರಾಗ ಕೈ ಬೀಸೂದು ಥೇಟ್ ನಿಮ್ಮವ್ವನಂಗ!”

ಓಟ ಮುಗಿದ ಮೇಲೆ ಕೇಳಿದೆ. “ಅವ್ವಗ ಈಜು ಬರ್ತಿತ್ತೇನ?”

“ಏನ ಕೇಳ್ತೀಯವ್ವಾ! ಮದುವಿಗಿಂತ ಮೊದಲ ತ್ವಾಟದ ಬಾವ್ಯಾಗ ಸೀರಿ ಕಚ್ಚಿ ಹಾಕಿ ಜಿಗೀತಿದ್ಲು. ಎಲ್ಲಾರಿಗಿಂತ ಮೊದಲ ಆ ದಂಡಿ ಮುಟ್ಟತಿದ್ಲು. ನಿನಗ ಹೇಳೇ ಇಲ್ಲೇನ?”

ಹೇಳಿರಲಿಲ್ಲ. ಹೋದ ವರ್ಷ, 2006ರ ಯುಗಾದಿಯ ಮರುದಿನ, “ನಾನೂ ಕೆರಿಗೆ ಬರ್ಲೇನ ವಾಣಿ?” ಎಂದು ನೀನು ಚಪ್ಪಲಿ ಮೆಟ್ಟಿ ನಿಂತಿದ್ದೆ. “ಅಲ್ಲಿ ಬಂದು ನೀ ಏನ ಮಾಡ್ತಿ ಬೇ?” ಎಂದು ನಾನು ಸೈಕಲ್ ಹತ್ತಿದ್ದೆ. ಆ ಶ್ರಾವಣದಲ್ಲಿ ನೀನು ನಮ್ಮನ್ನು ಬಿಟ್ಟು ಹೋದೆ.

ಚಿಗವ್ವನಿಗೂ ಆಗ ಈಜು ಬರುತ್ತಿತ್ತಂತೆ. ನಾಳೆ ನನ್ನ ಜೊತೆ ನೀರಿಗಿಳಿ ಎಂದೆ. “ಈ ವಯಸ್ಸಿನ್ಯಾಗ?” ಎಂದು ನಕ್ಕಳು. ಆದರೆ ಹಳೆಯ ಸೀರೆಯೊಂದನ್ನು ಈಗಲೇ ಮಡಚಿ ಚೀಲಕ್ಕೆ ಹಾಕಿಟ್ಟಿದ್ದಾಳೆ.

ವಾಣಿ