ಭಾವನ ಕಾರಿನ ಟಯರು: ಏಕಸದಸ್ಯ ತನಿಖೆ

ನವೆಂಬರ್ 3, ಭಾನುವಾರ

ಇವತ್ತೂ ಕಾರು ಒರೆಸಿದ್ದಾಯಿತು. ಒರೆಸಿದ್ದು ಭಾವನ ಹಳೆಯ ಬನಿಯನ್ನಿನಲ್ಲಿ. ಅದು ಅಷ್ಟೇನೂ ಹಳೆಯದಲ್ಲ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ.

ಕಾರು ವೆಂಕಟ ಭಾವನದು. ಜರ್ಮನ್ ಕಾರು, ಸೆಕೆಂಡ್ ಹ್ಯಾಂಡ್. ಕುಂದಾಪುರದ ಕಡೆಯ ಪಾರ್ಟಿಯಿಂದ ಕೊಂಡದ್ದು. ರೇಖಕ್ಕ ಚೊಚ್ಚಲ ಹೆರಿಗೆಗೆಂದು ತೆಂಗಿನಗುಂಡಿಗೆ ಬಂದಳಲ್ಲ, ಅವಳ ಜೊತೆ ಕಾರನ್ನೂ ತವರಿಗೆ ಕಳಿಸಿದ್ದಾರೆ. ತಾವು ಮಾತ್ರ ಕುಮಟಾದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಅಪ್ಪನಿಗೆ ಬೋಟು ಬರುತ್ತದೆ, ಕಾರು ಬರುವುದಿಲ್ಲ. ಆದ್ದರಿಂದ ಸಾರಥ್ಯ ಈ ಅಂಕಿತಾಳ ಪಾಲಿಗೆ. ಮನೆಯವರೆಲ್ಲ ಒಪ್ಪಿದ್ದಾರೆ… ಹಲ್ಲು ಕಚ್ಚಿಕೊಂಡು.

ಹದಿನಾಲ್ಕಕ್ಕೆ ಅಕ್ಕನನ್ನು ಮಣಿಪಾಲಕ್ಕೆ ಸೇರಿಸಬೇಕು. ಬಿಪಿ ಇದೆ, ನೋವು ಬರುವವರೆಗೆ ಕಾಯಬೇಡಿ ಅಂದಿದ್ದಾರೆ ಡಾಕ್ಟರು.

ಸಂಜೆ ಅಪ್ಪನ ಸ್ಕೂಟಿ ಪಂಕ್ಚರ್ ಹಾಕಿಸಲು ಭಟ್ಕಳದ ಮೋಹನಣ್ಣನ ಟಯರ್ ಅಂಗಡಿಗೆ ಹೋದೆ. ಅವನೇ ಮಾತು ತೆಗೆದ.

"ನಿನ್ ಭಾವನ ಕಾರಲ್ಲಿರೂದು ರನ್‌ಫ್ಲ್ಯಾಟ್ ಅಲ್ದ ತಂಗಿ? ಗಾಳಿ ಪೂರ್ತಿ ಹೋದ್ರೂ ಓಡ್ತದೆ. ಪಕ್ಕದ ಗೋಡೆ ಅಷ್ಟು ದಪ್ಪ."

"ಒಳ್ಳೇದಲ್ದ ಹಾಗಾದ್ರೆ?"

"ಎಂತ ಒಳ್ಳೇದು? ಬಸುರಿಗೆ ಅದು ಕಲ್ಲಿನ ಗಾಡಿ. ಸ್ಟೆಪ್ನಿಯೂ ಇಲ್ಲ. ತೆಗ್ದು ಸಾದಾ ಟಯರ್ ಹಾಕ್ಸಿ. ಹಳೇದನ್ನ ನಾನೇ ಇಟ್ಕಂತೆ."

ಹಳೇದು ಇವನಿಗೆ ಯಾಕೆ? ಕೇಳಿದೆ. ನಕ್ಕ. ಬರೇ ನಕ್ಕ.

ಇಲ್ಲೇನೋ ಇದೆ. ಈ ಕ್ಷಣದಿಂದ ಏಕಸದಸ್ಯ ತನಿಖಾ ಆಯೋಗ ರಚನೆಯಾಗಿದೆ. ಅಧ್ಯಕ್ಷೆ, ಸದಸ್ಯೆ, ಚಹಾ ತರುವವಳು, ಎಲ್ಲ ನಾನೇ.

ನವೆಂಬರ್ 5

ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿ ಬಂದೆ. ರಸ್ತೆಯ ಒಂದೊಂದು ಹಂಪಿಗೂ, ಅಂದರೆ ಉಬ್ಬಿಗೂ, ಅಕ್ಕ ಕಿಟಕಿಯ ಮೇಲಿನ ಹಿಡಿ ಹಿಡಿದುಕೊಂಡು ಕಣ್ಣು ಮುಚ್ಚುತ್ತಾಳೆ. ಕುಮಟಾದಿಂದ ಬರುವ ದಿನ ಶರಾವತಿ ಸೇತುವೆಯ ಒಂದೊಂದು ಜಾಯಿಂಟನ್ನೂ ಮಗು ಒಳಗಿನಿಂದ ಒದ್ದು ಲೆಕ್ಕ ಹಾಕಿತಂತೆ.

ಕಾರು ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ "ಟಿಣ್" ಅನ್ನುತ್ತದೆ. ಸೀಟ್ ಬೆಲ್ಟಿನ ಗಂಟೆ ಎಂದು ಭಾವ ಹೇಳಿದ್ದರು. ಅಕ್ಕ ಬೆಲ್ಟನ್ನು ಹೊಟ್ಟೆಯ ಕೆಳಗೆ ಸರಿಯಾಗಿಯೇ ಹಾಕಿಕೊಂಡಿದ್ದಳು. ಆದರೂ ಟಿಣ್. ದಾಖಲಿಸಿದ್ದೇನೆ.

ಭಾವನಿಗೆ ಫೋನು ಮಾಡಿ ಟಯರಿನ ವಿಷಯ ತೆಗೆದೆ.

"ಅಂಕು, ಮಣಿಪಾಲದ ದಾರಿಯಲ್ಲಿ ಪಂಕ್ಚರ್ ಆದ್ರೆ ನಿನ್ ಅಕ್ಕನ್ನ ರಸ್ತೆ ಬದಿಗೆ ನಿಲ್ಸೂದಾ? ರನ್‌ಫ್ಲ್ಯಾಟ್ ಆದ್ರೆ ನಿಲ್ಲೂದೇ ಬೇಡ. ಅದಕ್ಕೆ ಗಾಳಿ ನೋಡೂದೂ ಬೇಡ."

"ಗಾಳಿ ನೋಡೂದೂ ಬೇಡ ಅಂತ ಯಾರು ಹೇಳಿದ್ದು?"

"ಕಾರು ಕೊಟ್ಟವ್ರು. ದೊಡ್ಡ ದೈವಭಕ್ತರು ಅವ್ರು."

ಹೌದು, ಭಕ್ತರು. ಕೀಲಿಯ ಜೊತೆ ತೆಂಗಿನಕಾಯಿ ಕೊಟ್ಟು, ಮೀಟರಿನ ಗಾಜಿನ ಮೂಲೆಗೆ ತಾವೇ ಗಣಪತಿ ಸ್ಟಿಕರ್ ಅಂಟಿಸಿ ಕೈ ಮುಗಿದರಂತೆ. ಆಮೇಲೆ ಭಾವ ಇಡಗುಂಜಿಯಲ್ಲಿ ಪೂಜೆ ಮಾಡಿಸಿದಾಗ ಭಟ್ಟರು ಅದೇ ಗಣಪತಿಗೆ ಕುಂಕುಮ ಹಚ್ಚಿದರು. ಅಲ್ಲಿಂದ ಅದು ಸ್ಟಿಕರ್ ಅಲ್ಲ, ದೇವರು. ಕಾರು ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸುತ್ತೇನೆ.

ಭಾವ ಹೇಳುವುದು ತಪ್ಪು ಅನ್ನಲೂ ಆಗುವುದಿಲ್ಲ. ನಿಂತರೆ ಕಷ್ಟ. ನಿಲ್ಲದಿದ್ದರೆ ಹಂಪಿನ ಕಷ್ಟ. ಅಕ್ಕನನ್ನು ಕೇಳಿದರೆ, "ನಂಗೆ ಬೋಟಲ್ಲೇ ಹೋಪುದು ಸುಖ" ಅಂದಳು.

ನವೆಂಬರ್ 6

ಆಯೋಗ ಇಂದು ಬಂದರಿಗೆ ಖುದ್ದು ಭೇಟಿ ಕೊಟ್ಟಿತು. (ಮೀನು ತರಲು ಅಮ್ಮ ಕಳಿಸಿದ್ದು.)

ಮೋಹನಣ್ಣನ ತಮ್ಮನ ಬೋಟು ನಿಂತಿತ್ತು. ಮಗ್ಗುಲಿಗೆ ಟಯರುಗಳು ನೇತಾಡುತ್ತಿದ್ದವು, ಧಕ್ಕೆಯ ಕಟ್ಟೆಗೆ ಬೋಟು ಉಜ್ಜಬಾರದೆಂದು ಎಲ್ಲರೂ ಕಟ್ಟುವ ಹಾಗೆ. ಆದರೆ ಇವು ದಪ್ಪ. ಬೆರಳಿನಿಂದ ಒತ್ತಿದೆ, ಜಗ್ಗಲಿಲ್ಲ.

ಹಿಂದಿನಿಂದ ಮೋಹನಣ್ಣನ ದನಿ. "ಎಂತ ತಂಗಿ, ಬದನೆಕಾಯಿ ಆರ್ಸ್ತಿದ್ಯ?"

ಸಿಕ್ಕಿಬಿದ್ದೆ. ಹಳೆಯ ರನ್‌ಫ್ಲ್ಯಾಟಿನ ರಹಸ್ಯ ಇಷ್ಟೇ: ಬೋಟಿಗೆ ಕಟ್ಟಿದರೆ ಮಳೆಗಾಲ ಕಳೆದರೂ ಚಪ್ಪಟೆಯಾಗುವುದಿಲ್ಲ. ಒಂದನೆಯ ಆರೋಪಿ ಖುಲಾಸೆ. ಆಯೋಗಕ್ಕೆ ಮುಖಭಂಗ.

ಹೊರಡುವಾಗ ಅವನೇ ಹೇಳಿದ: "ಒಂದು ನೆನಪಿಟ್ಕೋ. ಈ ಟಯರಲ್ಲಿ ಗಾಳಿ ಹೋದ್ದು ಕಣ್ಣಿಗೆ ಕಾಣೂದಿಲ್ಲ. ಮೀಟರಲ್ಲಿ ಹಳದಿ ದೀಪ ಬರ್ತದೆ, ಅದೊಂದೇ ಗುರ್ತು. ಬಂದ್ಮೇಲೆ ಹೆಚ್ಚು ದೂರ ಓಡ್ಸೂಕಾಗ."

"ನಮ್ಗೆ ಒಂದಿನವೂ ಹಳದಿ ಬರ್ಲಿಲ್ಲ" ಅಂದೆ, ಜಂಭದಿಂದ.

ನವೆಂಬರ್ 9, ಶನಿವಾರ

ಭಾವ ಬಂದರು. ಜೊತೆಗೆ ನನ್ನ ಅಪಮಾನವೂ.

ಎರಡು ದಿನದಿಂದ ಕಾರು ಎಡಕ್ಕೆ ಎಳೆಯುತ್ತಿದೆ. ಸ್ಟೇರಿಂಗ್ ಸಡಿಲ ಬಿಟ್ಟರೆ ತಾನಾಗಿ ಗಟಾರದ ಕಡೆಗೆ ಹೋಗುತ್ತದೆ. ಹೇಳಿದೆ: "ಮುಂದಿನ ಎಡಗಡೆ ಟಯರಲ್ಲಿ ಗಾಳಿ ಇಲ್ಲ."

ಅಪ್ಪ ಹೋಗಿ ಒದ್ದು ನೋಡಿದರು. "ಬಂಡೆ ಇದ್ದಾಂಗೆ ಇತ್ತು. ಇನ್ನೆಂತ ಗಾಳಿ ಬೇಕು?"

ಭಾವ ಬಗ್ಗಿ ನಾಲ್ಕನ್ನೂ ನೋಡಿದರು. ನಾಲ್ಕೂ ಒಂದೇ ಥರ ನಿಂತಿದ್ದವು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.

"ಅಂಕು, ಎ.ಸಿ. ಜಾಲರಿಯಲ್ಲಿ ಒಣ ಬಂಗಡೆ ಇಟ್ಟವ್ಳು ನೀನೇ ಅಲ್ದ? ಹಿಂದೊಮ್ಮೆ ಕಾರು ತಂದಾಗ ಕುಮಟಾದವರೆಗೆ ಮೂಗು ಹಿಡ್ಕಂಡು ಹೋಗಿದ್ದೆ ನಾನು."

"ಅದು ಬೇರೆ ಭಾವ."

"ನನ್ ಶೂ ಒಳಗೆ ಏಡಿ?"

"ಅದು ತಾನಾಗೇ ಹೋದದ್ದು."

ಅಪ್ಪ ನಕ್ಕರು. ಭಾವ ನಕ್ಕರು. ಅಕ್ಕ ನಗಲಿಲ್ಲ. ಅಷ್ಟೇ ಸಮಾಧಾನ.

ಚಕ್ರ ಹಿಡಿದು ಇಷ್ಟು ದಿನ ಓಡಿಸಿದವಳು ನಾನು. ಆದರೂ ನನ್ನ ಮಾತು ತಮಾಷೆಯ ಲೆಕ್ಕಕ್ಕೆ. ತಮಾಷೆ ಮಾಡುವವರ ಕಷ್ಟ ಯಾವ ಶತ್ರುವಿಗೂ ಬೇಡ. ಈಗ ಎಲ್ಲರ ಮೇಲೂ ಸಂಶಯ. ಕಾರು ಮಾರಿದವರ ಮೇಲೆ, ರಸ್ತೆಯ ಮೇಲೆ, ನನ್ನ ಕೈಯ ಮೇಲೆ. ನಿಜವಾಗಿ ಎಳೆಯುತ್ತಿದೆಯೋ, ನನಗೇ ಹಾಗೆ ಅನಿಸುತ್ತಿದೆಯೋ?

ನವೆಂಬರ್ 10, ಬೆಳಿಗ್ಗೆ

ಭಾವ ಗಣಪತಿಗೆ ದಾಸವಾಳ ಸಿಕ್ಕಿಸಲೆಂದು ಕಾರಿಗೆ ಹೋದರು. ಪ್ರತಿ ಭಾನುವಾರದ ಸೇವೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೋಡ ಕವಿದಿತ್ತು, ಕಾರಿನ ಒಳಗೆ ಕತ್ತಲು. ಕೀಲಿ ತಿರುಗಿಸಿದರು. ಸ್ಟಾರ್ಟ್ ಆಯಿತು. ಟಿಣ್.

ಭಾವ ಒಬ್ಬರೇ ಕೂತಿದ್ದರು. ಅಭ್ಯಾಸಬಲದಿಂದ ಬೆಲ್ಟೂ ಹಾಕಿಕೊಂಡಿದ್ದರು.

ಗಣಪತಿಯ ಸುತ್ತ ಸಣ್ಣ ಪ್ರಭಾವಳಿ. ಹಳದಿ.

"ಭಾವ, ದೇವರ ಹಿಂದೆ ದೀಪ ಉಂಟು."

"ದೇವರ ಹತ್ರ ಹುಡುಗಾಟ ಬೇಡ ಅಂಕು."

"ತೆಗ್ದು ನೋಡಿ."

"ಇಡಗುಂಜಿಯಲ್ಲಿ ಪೂಜೆ ಆದದ್ದು. ತೆಗೀತಾರಾ?"

ನಾನೂ ಕೈ ಹಾಕಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆ. ಹದಿನಾಲ್ಕನೇ ತಾರೀಕು ಹತ್ತಿರದಲ್ಲಿರುವಾಗ ಗಣಪತಿಯನ್ನು ಕಿತ್ತವಳು ಅನಿಸಿಕೊಳ್ಳಲು ಯಾರಿಗೆ ಧೈರ್ಯ?

ಗಲಾಟೆ ಕೇಳಿ ಅಮ್ಮ ಹೊರಗೆ ಬಂದಳು. ಇಬ್ಬರ ವಾದವನ್ನೂ ಕೇಳಿದಳು. ಒಳಗೆ ಹೋಗಿ ಒಂದು ತೆಂಗಿನಕಾಯಿ, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದಳು.

"ತೆಗೂದು ಅಲ್ಲ. ಕೂಕಂಡ ಜಾಗ ಇಕ್ಕಟ್ಟಾಯ್ತು ದೇವ್ರಿಗೆ. ಆಚೆ ಕೂರ್ಸೂದು."

ಕಾಯಿ ಒಡೆದಳು. ಎಣ್ಣೆ ಹಚ್ಚಿದ ಬೆರಳಿನಿಂದ ಅಂಚನ್ನು ನಿಧಾನ ಬಿಡಿಸಿದಳು, ಗಾಯದ ಪಟ್ಟಿ ಬಿಚ್ಚುವ ಹಾಗೆ. ಗಣಪತಿ ಹರಿಯದೆ, ಸುಕ್ಕಾಗದೆ ಎದ್ದ. ಡ್ಯಾಶ್‌ಬೋರ್ಡಿನ ನಡುವೆ ಕೂತ.

ಅವನಿದ್ದ ಜಾಗದಲ್ಲಿ ಹಳದಿ ದೀಪ ಉರಿಯುತ್ತಿತ್ತು. ಕಾರು ಮಾರಿದ ಆ ಭಕ್ತರು ಸ್ಟಿಕರ್ ಅಂಟಿಸಿದ ದಿನದಿಂದಲೋ ಏನೋ.

ಭಾವ ಮೀಟರಿನ ಕಡೆ ಬಗ್ಗಿದರು. ದಾಸವಾಳ ಕೈಯಲ್ಲೇ ಇತ್ತು.

ನವೆಂಬರ್ 11

ಮೋಹನಣ್ಣ ಗಾಳಿ ಅಳೆದ. ಮುಂದಿನ ಎಡಗಡೆ, ಹೆಸರಿಗೆ ಮಾತ್ರ ಗಾಳಿ. ರಿಮ್ಮಿನಿಂದ ಬಿಚ್ಚಿದ. ಒಳಗಿನಿಂದ ಕರಿ ಪುಡಿ ಸುರಿಯಿತು, ಕಾಳುಮೆಣಸು ಪುಡಿ ಮಾಡಿದ ಹಾಗೆ. ದಪ್ಪ ಗೋಡೆ ಒಳಗೊಳಗೇ ಸವೆದು ಬಿರುಕು ಬಿಟ್ಟಿತ್ತು. ಹೊರಗೆ ಏನೂ ಇಲ್ಲ. ಹೊಸದರ ಹಾಗೆ ಫಳಫಳ.

"ಗಾಳಿ ಇಲ್ದೇ ಓಡೂ ಶಕ್ತಿ ಅಷ್ಟೂ ಖರ್ಚಾಗಿ ಹೋಯ್ತು ಇದರದ್ದು" ಅಂದ. "ಮಣಿಪಾಲದ ದಾರಿಯಲ್ಲಿ ಸ್ಪೀಡಲ್ಲಿದ್ದಾಗ ಒಡೀತಿತ್ತು."

ಅಕ್ಕ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದಳು. ಸ್ಟೇರಿಂಗ್ ನನ್ನ ಕೈಯಲ್ಲಿರುತ್ತಿತ್ತು. ಇದಕ್ಕಿಂತ ಮುಂದೆ ಬರೆಯುವುದಿಲ್ಲ.

ಭಾವ ಟಯರಿನ ಒಳಗೆ ಕೈ ಹಾಕಿದರು. ಬೆರಳೆಲ್ಲ ಕರಿ.

"ಸಾದಾದ್ದೇ ಹಾಕು ಮೋಹನ. ನಾಲ್ಕೂ. ಮತ್ತೊಂದು ಸ್ಟೆಪ್ನಿ, ಜಾಕು."

"ಪಂಕ್ಚರ್ ಆದ್ರೆ ನಿಲ್ಬೇಕಾಗ್ತದೆ ಭಾವ" ಅಂದೆ. ಅವರದೇ ಮಾತು, ಬೇಕೆಂದೇ.

"ನಿಲ್ಲುವ. ನಿಂತದ್ದು ಗೊತ್ತಾದ್ರೂ ಆಗ್ತದಲ್ಲ."

ಹಿಂದಿರುಗುವಾಗ ಭಾವ ನನ್ನ ಪಕ್ಕ. ಹಂಪು ಬಂತು, ಹೋಯಿತು. ಕಾರು ಹಗುರವಾಗಿ ಮೈ ಮುರಿದ ಹಾಗಾಯಿತು. ಬಾಯಿ ಬಿಟ್ಟು ಕ್ಷಮಿಸು ಎಂದು ಭಾವ ಹೇಳುವವರಲ್ಲ. ಬಂದರಿನ ತಿರುವಿನಲ್ಲಿ, "ನನ್ನ ಬನಿಯನ್ನು ಎಲ್ಲಿ ಹೋಯ್ತು ಅಂತ ಇನ್ಮೇಲೆ ಕೇಳೂದಿಲ್ಲ" ಅಂದರು.

ಗೊತ್ತಿತ್ತಾ? ಎಂದಿನಿಂದ? ಸಂಶಯಾಸ್ಪದ.

ನವೆಂಬರ್ 14, ಗುರುವಾರ, ಬೈಂದೂರು ದಾಟಿ, ರಸ್ತೆಯ ಬದಿ

ನಂಬುವವರು ನಂಬಲಿ. ಹಳದಿ ಬಂತು.

ಅಕ್ಕ, ಅಮ್ಮ ಹಿಂದೆ. ಭಾವ ಮುಂದೆ. ಡಿಕ್ಕಿಯ ತುಂಬ ಸ್ಟೆಪ್ನಿ, ಆದ್ದರಿಂದ ಬ್ಯಾಗೆಲ್ಲ ಭಾವನ ತೊಡೆಯ ಮೇಲೆ. ಕಾರು ಸರಿಯಾಗಿಯೇ ಹೋಗುತ್ತಿತ್ತು. ಟಿಣ್.

"ಭಾವ, ಹಳದಿ."

ತಮಾಷೆಯಾ ಎಂದು ಕೇಳುತ್ತಾರೆ ಎಂದುಕೊಂಡೆ. ಮೀಟರಿನ ಕಡೆ ನೋಡಲೂ ಇಲ್ಲ.

"ನಿಲ್ಸು" ಅಂದರು.

ಹಿಂದಿನ ಬಲಗಡೆ. ಮೊಳೆ. ಟಯರು ನೆಲಕ್ಕೆ ಕೂತುಬಿಟ್ಟಿತ್ತು, ಯಾರಿಗೂ ಕಾಣುವ ಹಾಗೆ. ಮೊಳೆ ಈಗ ಪುರಾವೆಯಾಗಿ ನನ್ನ ಬಳಿ ಇದೆ. ಆಯೋಗದ ಅವಧಿ ವಿಸ್ತರಣೆಯಾಗಿದೆ. ನಾನು ಜಾಕಿಗೆ ಕೈ ಹಾಕಿದರೆ ಭಾವ ಬೈದು ಕೂರಿಸಿದರು. ಗಾಡಿ ಬಿಡೂದಿದೆ, ಕೈ ನೋಯಿಸ್ಕೊಬೇಡ ಅಂತ. ಅದಕ್ಕೇ ಇಷ್ಟು ಬರೆಯಲು ಪುರುಸೊತ್ತು.

ಅಮ್ಮ ಗೇರುಮರದ ಬುಡದಲ್ಲಿ. ಅಕ್ಕ ಪಕ್ಕದಲ್ಲಿ ನಿಂತಿದ್ದಾಳೆ. ತುಂಬ ಸುಮ್ಮನಿದ್ದಾಳೆ. ರೇಖಕ್ಕ ಸುಮ್ಮನಿರುವುದು ಎಂದರೆ…

ಕೇಳಿದೆ. "ಎಂತದೂ ಇಲ್ಲ" ಅಂದಳು. ಮರ ಹಿಡಿದುಕೊಂಡೇ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ನೋವು ಶುರುವಾಗಿರಬೇಕು.

ಕೊನೆಯ ಬೋಲ್ಟು ಬಿಗಿಯಾಯಿತು. ಭಾವ ಕೀಲಿಯನ್ನು ನನ್ನ ಕಡೆ ಎಸೆದರು. ಟಯರನ್ನು ಇನ್ನೊಮ್ಮೆ ಒದ್ದು ನೋಡಲಿಲ್ಲ.

"ಅಂಕು, ನೀ ಬಿಡು. ಬೇಗ, ಆದ್ರೆ —"

ಗೊತ್ತು ಭಾವ. ಅಕ್ಕ ಕೂತಳು. ಸ್ಟಾರ್ಟ್ ಮಾಡಿದೆ. ಟಿಣ್ ಇಲ್ಲ. ದೀಪವೂ ಇಲ್ಲ. ಉಳಿದದ್ದು ಮಣಿಪಾಲ ತಲುಪಿದ ಮೇಲೆ.